ಬಾರ್ಡರ್ ದಾಟಿದ್ರೂ ಬಿಡದ ಚಲನ್

ಇಂಟರ್ನಲ್ಸ್ ಮುಗಿದ ಶನಿವಾರ ನಾವು ನಾಲ್ಕು ಜನ, ಎರಡು ಬೈಕ್, ಊಟಿಗೆ ಹೊರಟ್ವಿ. ಮೈಸೂರು, ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ. ಆನೆ ಕಾಣಿಸ್ಲಿಲ್ಲ, ಜಿಂಕೆ ಕಾಣಿಸ್ತು. ಊಟಿ ಪೇಟೆ ಒಳಗೆ ಹಿಂದೆ ಕೂತಿದ್ದ ನಮ್ಮ ಗೆಳೆಯ ವಿಡಿಯೋ ಮಾಡ್ಬೇಕು ಅಂತ ಹೆಲ್ಮೆಟ್ ತೆಗೆದು ತೊಡೆ ಮೇಲೆ ಇಟ್ಕೊಂಡ. ಯಾರೂ ನಿಲ್ಲಿಸ್ಲಿಲ್ಲ, ಯಾರೂ ಕೇಳ್ಲಿಲ್ಲ. ಭಾನುವಾರ ರಾತ್ರಿ ಹಾಸ್ಟೆಲ್‌ಗೆ ಬಂದು ಮಲಗಿದ್ವಿ. ಕಥೆ ಮುಗೀತು ಅಂದ್ಕೊಂಡಿದ್ವಿ.

ಮುಗಿದಿರ್ಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅವನ ಅಪ್ಪ ಮುಂದಿನ ಸೆಮ್ ಫೀಸಿಗೆ ಅಂತ ಅದೇ ಬೈಕನ್ನು ಮಾರೋಕೆ ಹೊರಟ್ರು. ಕೊಳ್ಳೋಕೆ ಬಂದವರು ಗಾಡಿ ನಂಬರ್ ಹಾಕಿ ನೋಡಿ, "ಸರ್, ತಮಿಳುನಾಡಲ್ಲಿ ಒಂದು ಚಲನ್ ಬಾಕಿ ಇದೆ, ಕೋರ್ಟಿಗೆ ಹೋಗಿದೆ" ಅಂದ್ರು. ಮಗ ಮೈಸೂರಲ್ಲಿ ಗ್ರೂಪ್ ಸ್ಟಡಿ ಮಾಡ್ತಿದ್ದಾನೆ ಅಂತಲೇ ನಂಬಿದ್ದ ಅಪ್ಪನಿಗೆ ಎರಡೂ ವಿಷಯ ಒಟ್ಟಿಗೆ ಗೊತ್ತಾಯ್ತು. ಆ ವಾರ ನಾವೆಲ್ಲ ಕೂತು ಕಲಿತಿದ್ದನ್ನ ಇಲ್ಲಿ ಬರೀತಿದ್ದೀವಿ.

ಚಲನ್ ಯಾರ ಹೆಸರಿಗೆ ಬರುತ್ತೆ?

ಕ್ಯಾಮೆರಾಗೆ ನಮ್ಮ ಮುಖ ಗೊತ್ತಿಲ್ಲ, ನಂಬರ್ ಪ್ಲೇಟ್ ಗೊತ್ತು. ದೇಶದ ಗಾಡಿಗಳ ನೋಂದಣಿ ವಿವರ 'ವಾಹನ್' ಅನ್ನೋ ಡೇಟಾಬೇಸಲ್ಲಿ ಇರುತ್ತೆ. ಹಾಗಾಗಿ ಕೆಎ ಪ್ಲೇಟಿನ ಗಾಡಿಗೆ ಊಟಿಯಲ್ಲಿ ಚಲನ್ ಹಾಕಿದ್ರೂ ಅದು ಓನರ್ ಹೆಸರಿಗೇ ಬರುತ್ತೆ, ಮೆಸೇಜ್ ಆರ್‌ಸಿ ಜೊತೆ ನೋಂದಾಯಿಸಿದ ಮೊಬೈಲಿಗೆ ಹೋಗುತ್ತೆ. ಕ್ಯಾಮೆರಾದಿಂದ ಹಾಕಿದ ಚಲನ್ ಆದ್ರೆ 15 ದಿನದ ಒಳಗೆ ನೋಟಿಸ್ ಕಳಿಸ್ಬೇಕು ಅಂತ 2021ರಲ್ಲಿ ಬಂದ ನಿಯಮ ಹೇಳುತ್ತೆ. ನಮ್ಮ ಕೇಸಲ್ಲಿ ಆರ್‌ಸಿಗೆ ಕೊಟ್ಟಿದ್ದು ಅಪ್ಪನ ಹಳೇ ನಂಬರ್. ಆ ಸಿಮ್ ಬಿಟ್ಟು ಎಷ್ಟೋ ವರ್ಷ ಆಗಿತ್ತು. ಮೆಸೇಜ್ ಹೋಗಿರಬಹುದು, ಓದೋರು ಇರ್ಲಿಲ್ಲ.

ನಮ್ಮಲ್ಲಿ ಬಹಳ ಜನ ಓಡಿಸೋದು ಅಪ್ಪ, ಅಣ್ಣ, ಮಾವನ ಗಾಡಿ. ಅದಕ್ಕೇ ಮೊದಲ ಕೆಲಸ: ಪರಿವಾಹನ್ ತಾಣದಲ್ಲಿ ಆ ಗಾಡಿಯ ಮೊಬೈಲ್ ನಂಬರ್ ಸರಿ ಇದ್ಯಾ ನೋಡಿ, ಇಲ್ಲಾಂದ್ರೆ ಬದಲಾಯಿಸಿ.

ಒಂದೇ ತಪ್ಪಿಗೆ ಬೇರೆ ಬೇರೆ ದಂಡ ಯಾಕೆ?

ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. 2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿ ಪ್ರಕಾರ ಹೆಲ್ಮೆಟ್ ಇಲ್ದಿದ್ರೆ 1,000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು ಮಾಡೋ ಅವಕಾಶವೂ ಇದೆ. ಆದರೆ ಸ್ಥಳದಲ್ಲೇ ಕಟ್ಟಿ ಮುಗಿಸೋ ಮೊತ್ತವನ್ನ ರಾಜ್ಯ ಸರ್ಕಾರಗಳು ನಿಗದಿ ಮಾಡಬಹುದು. ಕರ್ನಾಟಕ ಇದನ್ನ 500ಕ್ಕೆ ಇಳಿಸ್ತು. ತಮಿಳುನಾಡಲ್ಲಿ 2022ರ ಅಕ್ಟೋಬರ್‌ನಿಂದ 1,000. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. "ನಮ್ಮ ಊರಲ್ಲಿ ಯಾರೂ ಕೇಳಲ್ಲ" ಅನ್ನೋ ಮಾತು ಗುಂಡ್ಲುಪೇಟೆ ದಾಟಿದ ಮೇಲೆ ನಡೆಯಲ್ಲ.

ಇನ್ನೊಂದು ವಿಷಯ. ನಮ್ಮ ರಾಜ್ಯದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ 50% ರಿಯಾಯಿತಿ ಕೊಟ್ಟಾಗ ಎಲ್ಲರೂ ಕ್ಯೂ ನಿಂತಿದ್ರು. ಅಂಥ ರಿಯಾಯಿತಿ ಇಲ್ಲಿನ ಚಲನ್‌ಗೆ ಮಾತ್ರ. ಬೇರೆ ರಾಜ್ಯದ್ದು ಅದರಲ್ಲಿ ಬರಲ್ಲ.

ದಾರಿಯಲ್ಲಿ ನಿಲ್ಲಿಸಿದ್ರೆ?

ಸೈಡಿಗೆ ಹಾಕಿ, ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ತೆಗೆದು ಮಾತಾಡಿ. ಭಾಷೆ ಬರ್ದಿದ್ರೂ "ಸರ್" ಎಲ್ಲ ಕಡೆ ಅರ್ಥ ಆಗುತ್ತೆ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಇಷ್ಟು ಇರ್ಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸಿದ್ರೆ ಕಾನೂನು ಪ್ರಕಾರ ಸಾಕು. ಗ್ಯಾಲರಿಯಲ್ಲಿರೋ ಫೋಟೋ ಲೆಕ್ಕಕ್ಕಿಲ್ಲ. ಕಾಡಿನ ರಸ್ತೆಯಲ್ಲಿ ನೆಟ್‌ವರ್ಕ್ ನಂಬೋಕಾಗಲ್ಲ, ಒರಿಜಿನಲ್ ಕಾರ್ಡ್ ಜೇಬಲ್ಲಿದ್ರೆ ಒಳ್ಳೇದು. ಕರ್ನಾಟಕದ ಲೈಸೆನ್ಸ್ ಇಡೀ ಭಾರತಕ್ಕೆ ನಡೆಯುತ್ತೆ.

ದಂಡ ಕಟ್ಟಿದ್ರೆ ಚಲನ್ ನಂಬರ್ ಇರೋ ರಸೀದಿ ತಗೊಳ್ಳಿ. ರಸೀದಿ ಇಲ್ದೆ ಕೊಟ್ಟ ದುಡ್ಡು ದಂಡ ಅಲ್ಲ. ನಾಳೆ ಅದೇ ತಪ್ಪಿಗೆ ಚಲನ್ ಬಂದ್ರೆ ನಮ್ಮ ಹತ್ರ ತೋರಿಸೋಕೆ ಏನೂ ಇರಲ್ಲ.

ಮನೆಗೆ ಬಂದ್ಮೇಲೆ

ನಾವು ಮೊದಲು ಮಾಡಿದ ತಪ್ಪು ಇದು: ಕರ್ನಾಟಕದ ದಂಡ ತೋರಿಸೋ ತಾಣದಲ್ಲಿ ಹುಡುಕಿ, ಏನೂ ಇಲ್ಲ ಅಂತ ಖುಷಿ ಪಟ್ವಿ. ಅಲ್ಲಿ ಬೇರೆ ರಾಜ್ಯದ್ದು ಕಾಣಲ್ಲ. ನೋಡ್ಬೇಕಾದ್ದು ಕೇಂದ್ರದ ಇ-ಚಲನ್ ತಾಣ. ಗಾಡಿ ನಂಬರ್, ಜೊತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕಿ ಹಾಕಿದ್ರೆ ಬರುತ್ತೆ. ಹೈದರಾಬಾದ್ ಕಡೆ ಹೋಗಿದ್ರೆ ತೆಲಂಗಾಣ ಪೊಲೀಸರ ಇ-ಚಲನ್ ತಾಣ ಬೇರೆಯೇ ಇದೆ, ಅದನ್ನೂ ನೋಡಿ.

ತಿಂಗಳುಗಟ್ಟಲೆ ಕಟ್ಟದಿದ್ರೆ ಚಲನ್ ವರ್ಚುವಲ್ ಕೋರ್ಟಿಗೆ ಹೋಗುತ್ತೆ. ಹೆಸರು ಕೇಳಿ ಹೆದರ್ಬೇಡಿ, ಅದು ಆನ್‌ಲೈನ್ ಕೋರ್ಟ್. ಅಲ್ಲಿ ನಮ್ಮ ರಾಜ್ಯ ಅಲ್ಲ, ಚಲನ್ ಹಾಕಿದ ರಾಜ್ಯ ಆರಿಸ್ಬೇಕು. ಎರಡು ದಾರಿ ಇರುತ್ತೆ: ದಂಡ ಒಪ್ಪಿ ಅಲ್ಲೇ ಕಟ್ಟೋದು, ಇಲ್ಲಾ ಒಪ್ಪಲ್ಲ ಅನ್ನೋದು. ಒಪ್ಪಲ್ಲ ಅಂದ್ರೆ ಕೇಸು ಆ ಊರಿನ ಮಾಮೂಲಿ ಕೋರ್ಟಿಗೆ ಹೋಗುತ್ತೆ. 1,000 ರೂಪಾಯಿ ಉಳಿಸೋಕೆ ಊಟಿಗೆ ಓಡಾಡೋದು ಲಾಭವಾ ಅಂತ ಲೆಕ್ಕ ಹಾಕಿ.

ಹಾಗಂತ ಬಂದಿದ್ದಕ್ಕೆಲ್ಲ ಕಟ್ಬೇಡಿ. ಮೊದಲು ಫೋಟೋ ನೋಡಿ. ಗಾಡಿ ನಮ್ಮದೇನಾ, ಆ ದಿನ ನಾವು ಅಲ್ಲಿದ್ವಾ? ಬೇರೆಯವರ ನಂಬರ್ ಹಾಕ್ಕೊಂಡು ಓಡಾಡೋರೂ ಇದ್ದಾರೆ. ಹಾಗಾಗಿದ್ರೆ ಇ-ಚಲನ್ ತಾಣದಲ್ಲೇ ದೂರು ಕೊಡೋ ಜಾಗ ಇದೆ. ಆ ದಿನದ ಹಾಜರಿ, ಪೆಟ್ರೋಲ್ ಬಿಲ್, ಏನಿದ್ರೂ ಸಾಕ್ಷಿಯಾಗಿ ಇಟ್ಕೊಳ್ಳಿ.

ವಾಟ್ಸಾಪಲ್ಲಿ "ನಿಮ್ಮ ಚಲನ್ ನೋಡಿ" ಅಂತ ಎಪಿಕೆ ಫೈಲ್ ಬಂದ್ರೆ ಮುಟ್ಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡೋ ದಾರಿ. ಸರ್ಕಾರಿ ತಾಣಗಳ ವಿಳಾಸ 'ಗವ್ ಡಾಟ್ ಇನ್' ಅಂತ ಮುಗಿಯುತ್ತೆ. ಮೋಸ ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕೊನೆಗೆ ನಾಲ್ಕು ಜನ 250ರಂತೆ ಹಾಕಿ ದಂಡ ಕಟ್ಟಿದ್ವಿ. ರಸೀದಿ ತೋರಿಸಿದ ಮೇಲೆ ಬೈಕ್ ಮಾರಾಟ ಆಯ್ತು, ಫೀಸೂ ಕಟ್ಟಾಯ್ತು. ಅಪ್ಪ ಜಾಸ್ತಿ ಬೈಲಿಲ್ಲ. "ದಂಡ ಹೋಗ್ಲಿ ಬಿಡೋ, ಆ ತಿರುವಲ್ಲಿ ಬಿದ್ದಿದ್ರೆ ನಂಗೆ ಯಾರು ಹೇಳ್ತಿದ್ರು? ನೀನು ಮೈಸೂರಲ್ಲಿದ್ದೀಯ ಅಂದ್ಕೊಂಡಿದ್ದೆ" ಅಂದ್ರು ಅಷ್ಟೇ. ಅದಕ್ಕೆ ನಮ್ಮಲ್ಲಿ ಯಾರಿಗೂ ಉತ್ತರ ಹೊಳೀಲಿಲ್ಲ. ಮುಂದಿನ ರೈಡ್ ಕೊಡಗಿಗೆ. ಮನೆಗೆ ಹೇಳಿಯೇ ಹೋಗ್ತೀವಿ, ನಾಲ್ಕು ತಲೆಗೆ ನಾಲ್ಕು ಹೆಲ್ಮೆಟ್.