‘ಐ ಆಮ್ ಗುಡ್’ ಅಂದರೆ ‘ಬೇಡ’

ಬಾದಾಮಿಯ ಮೇಣಬಸದಿಯ ಮೆಟ್ಟಿಲ ಬುಡದಲ್ಲಿ ‘ಗೈಡ್ ಬೇಕೇ?’ ಎಂದು ಕೇಳಿದರೆ ಅಮೆರಿಕದ ಪ್ರವಾಸಿ ‘ಐ ಆಮ್ ಗುಡ್, ಥ್ಯಾಂಕ್ಸ್’ ಎನ್ನಬಹುದು. ಹೊಸಬ ಗೈಡ್ ಅದನ್ನು ಕ್ಷೇಮಸಮಾಚಾರವೆಂದು ತಿಳಿದು ಬೆನ್ನು ಹತ್ತುತ್ತಾನೆ. ಪಳಗಿದವನು ಅಲ್ಲಿಗೇ ಬಿಡುತ್ತಾನೆ. ಅದು ‘ಬೇಡ’ ಎನ್ನುವುದನ್ನು ನಯವಾಗಿ ಹೇಳುವ ರೀತಿ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಬ್ರಿಟಿಷ್ ಗಿರಾಕಿ ಟೋಪ್ ತೆನಿ ಸೆರಗನ್ನು ಸವರಿ ನೋಡಿ, ಬೆಲೆ ಕೇಳಿ ‘ಅ ಬಿಟ್ ಸ್ಟೀಪ್’ ಅಂದರೆ ಗುಡ್ಡದ ಕಡಿದಾದ ಮೆಟ್ಟಿಲು ನೆನೆದದ್ದಲ್ಲ, ರೇಟು ಜಾಸ್ತಿಯಾಯಿತು ಅಂತ.

ಎಡವಿಸುವುದು ಇಂಥ ಪುಟ್ಟ ಮಾತುಗಳೇ. ಆದರೂ ಇಡಿಯಮ್‌ಗಳ ಉದ್ದನೆಯ ಪಟ್ಟಿ ಉರು ಹೊಡೆದರೆ ಇಂಗ್ಲಿಷ್ ಒಲಿಯುತ್ತದೆಂಬ ನಂಬಿಕೆ ಗಟ್ಟಿಯಾಗಿದೆ. ಪಟ್ಟಿಯ ತಲೆಯಲ್ಲಿ ಸಾಮಾನ್ಯವಾಗಿ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಇರುತ್ತದೆ. ಇವತ್ತು ಜೋರು ಮಳೆ ಬಂದರೆ ಇಂಗ್ಲಿಷಿನವರು ಹೆಚ್ಚಾಗಿ ‘ಇಟ್ಸ್ ಪೋರಿಂಗ್’ ಎಂದು ಮುಗಿಸುತ್ತಾರೆ. ಹಿಂದೆ ಹುಲ್ಲಿನ ಛಾವಣಿಯಲ್ಲಿ ಮಲಗಿದ್ದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದವು, ಅದರಿಂದಲೇ ಈ ಮಾತು ಬಂತು ಎಂಬ ಕಥೆಗೂ ಆಧಾರವಿಲ್ಲ. 1990ರ ದಶಕದ ಕೊನೆಯಲ್ಲಿ ಇಮೇಲ್‌ಗಳ ಮೂಲಕ ಅದು ಊರೆಲ್ಲ ಹಬ್ಬಿತು. ಜೊನಾಥನ್ ಸ್ವಿಫ್ಟ್ 1738ರ ಪುಸ್ತಕದಲ್ಲಿ ಈ ನುಡಿಯನ್ನು ಬಳಸಿದ್ದು ನಿಜ. ಅದರ ಮೂಲ ಮಾತ್ರ ಇನ್ನೂ ಖಚಿತವಾಗಿಲ್ಲ.

ಇದಕ್ಕಿಂತ ಅಪಾಯದ್ದು ಇನ್ನೊಂದು ನಂಬಿಕೆ: ಕನ್ನಡದ ನುಡಿಗಟ್ಟನ್ನು ಪದಕ್ಕೆ ಪದ ಇಟ್ಟರೆ ಇಂಗ್ಲಿಷಿನದು ಸಿಗುತ್ತದೆ ಎಂಬುದು. ಹೊಟ್ಟೆಯಲ್ಲಿ ಕಿಚ್ಚಿದ್ದವನು ನಮ್ಮಲ್ಲಿ ಮತ್ಸರದವನು. ‘ಫೈರ್ ಇನ್ ದ ಬೆಲಿ’ ಇರುವವನು ಛಲಗಾರ, ಅದು ಹೊಗಳಿಕೆ. ಕೈ ಕೊಟ್ಟ ಗೆಳೆಯನನ್ನು ನಾವು ಬೈಯುತ್ತೇವೆ; ‘ಗಿವ್ ಮಿ ಅ ಹ್ಯಾಂಡ್’ ಎಂದವನು ಕೇಳುತ್ತಿರುವುದು ಸಹಾಯವನ್ನು. ಸಂದರ್ಶನದಲ್ಲಿ ‘ಯು ಹ್ಯಾವ್ ಫೈರ್ ಇನ್ ಯುವರ್ ಬೆಲಿ’ ಎಂಬ ಮೆಚ್ಚುಗೆ ಕೇಳಿ ಹುನಗುಂದದ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿಕೊಂಡರೆ ತಪ್ಪು ಅವಳದಲ್ಲ. ಈ ವ್ಯತ್ಯಾಸವನ್ನು ಪಟ್ಟಿ ಕೊಟ್ಟವರು ಹೇಳಿಕೊಡಬೇಕಿತ್ತು.

ನಮ್ಮ ಇಂಗ್ಲಿಷೆಲ್ಲ ತಪ್ಪು ಎಂದು ನಾಚಿಕೊಳ್ಳುವುದೂ ಬೇಡ. ‘ಪ್ರಿಪೋನ್’ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ‘ಡು ದ ನೀಡ್‌ಫುಲ್’ ಒಂದು ಕಾಲಕ್ಕೆ ಬ್ರಿಟಿಷರೇ ಬರೆಯುತ್ತಿದ್ದ ಮಾತು. ಆದರೆ ‘ಐ ಪಾಸ್ಡ್ ಔಟ್ ಇನ್ 2019’ ಎಂದರೆ ಅಮೆರಿಕದವನಿಗೆ ಆ ವರ್ಷ ಎಚ್ಚರ ತಪ್ಪಿ ಬಿದ್ದಂತೆ ಕೇಳುತ್ತದೆ. ಅವರ ಮುಂದೆ ‘ಗ್ರ್ಯಾಜುಯೇಟೆಡ್’ ಎನ್ನುವುದು ಒಳ್ಳೆಯದು.

ಆಡುಮಾತಿನ ಸ್ಲ್ಯಾಂಗ್ ಎಂದರೆ ಪುಂಡರ ಭಾಷೆ, ಮನೆಯೊಳಗೆ ಬಿಟ್ಟುಕೊಳ್ಳಬಾರದು ಎನ್ನುವವರೂ ಇದ್ದಾರೆ. ಅದರಲ್ಲಿ ಒಂದಿಷ್ಟು ನಮ್ಮ ನೆಲದಿಂದಲೇ ಹೋದದ್ದು. ಬ್ರಿಟಿಷರು ‘ಹ್ಯಾವ್ ಅ ಡೆಕ್ಕೋ’ ಎಂದರೆ ಅದು ಹಿಂದಿಯ ‘ದೇಖೋ’. ಬುದ್ಧಿ ಕೆಟ್ಟವನಿಗೆ ‘ಡೂಲಾಲಿ’ ಎನ್ನುತ್ತಾರೆ. ಅದು ನಾಶಿಕದ ಹತ್ತಿರದ ದೇವಳಾಲಿ. ಊರಿಗೆ ಮರಳುವ ಹಡಗಿಗಾಗಿ ಅಲ್ಲಿನ ದಂಡಿನಲ್ಲಿ ಕಾದು ಕಾದು ಬೇಸತ್ತ ಬ್ರಿಟಿಷ್ ಸೈನಿಕರಿಂದ ಹುಟ್ಟಿದ ಮಾತು. ಸ್ಲ್ಯಾಂಗ್ ಕಲಿಯುವುದರಲ್ಲಿ ತಪ್ಪಿಲ್ಲ. ಅರ್ಜಿಯಲ್ಲಿ ಬರೆಯಬಾರದು, ಅಷ್ಟೇ.

ಇಂಗ್ಲಿಷ್ ಎಲ್ಲ ಕಡೆಗೂ ಒಂದೇ ಎಂಬುದೂ ನಿಜವಲ್ಲ. ಕ್ರಿಕೆಟ್ ನೋಡಿ ಬೆಳೆದ ಬಾಗಲಕೋಟೆಯ ಹುಡುಗನಿಗೆ ‘ಆನ್ ದ ಬ್ಯಾಕ್ ಫೂಟ್’ ಹೇಳಿಕೊಡಬೇಕಿಲ್ಲ. ಅಮೆರಿಕದವರ ಮಾತಿಗೆ ಬೇಸ್‌ಬಾಲ್ ಮೈದಾನ ಬೇಕು. ಇಳಕಲ್ಲಿನ ಕೆಂಪು ಗ್ರಾನೈಟ್ ಕೊಳ್ಳಲು ಬಂದ ಅಂಥ ವ್ಯಾಪಾರಿ ‘ಬಾಲ್‌ಪಾರ್ಕ್ ಫಿಗರ್’ ಕೇಳಿದರೆ ಅಂದಾಜು ದರ ಹೇಳಿದರೆ ಸಾಕು. ಅರ್ಥವಾಗದಿದ್ದರೆ ‘ಸಾರಿ, ವಾಟ್ ಡಸ್ ದ್ಯಾಟ್ ಮೀನ್?’ ಎಂದು ಕೇಳಬಹುದು. ಲಂಡನ್ನಿನವರೂ ನ್ಯೂಯಾರ್ಕಿನವರನ್ನು ಹಾಗೆಯೇ ಕೇಳುತ್ತಾರೆ.