ಸೋರಿಕೆಯ ಮೂಲವನ್ನು ಅರಸುವ ವಿದ್ಯೆ

ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಎಂಜಿನ್ನನ್ನು ಕಳಚಿ ಮರಳಿ ಜೋಡಿಸುವ ಕೆಲಸಕ್ಕೂ ಜಜ್ಜಿಹೋದ ತಗಡನ್ನು ತಟ್ಟಿ ಪೂರ್ವರೂಪಕ್ಕೆ ತರುವ ಕೆಲಸಕ್ಕೂ ಸಲ್ಲಬೇಕಾದ ಗೌರವವು ನ್ಯಾಯವಾಗಿಯೇ ಸಲ್ಲುತ್ತಿದೆಯಾದರೂ, ಅವೆರಡಕ್ಕಿಂತಲೂ ಸೂಕ್ಷ್ಮವಾದ, ಪ್ರತ್ಯೇಕವಾದ ಹೆಸರೂ ಇಲ್ಲದ ಮತ್ತೊಂದು ವಿದ್ಯೆ ಅಲ್ಲಿಯೇ ಮರೆಯಲ್ಲಿ ನಿಂತಿದೆ. ರಾತ್ರಿಯೆಲ್ಲ ನಿಂತ ಕಾರಿನ ಅಡಿಯಲ್ಲಿ ಒಂದೆರಡು ತೊಟ್ಟುಗಳನ್ನು ಮಾತ್ರ ಉದುರಿಸಿ, ಡಿಪ್‌ಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟು ಇಳಿತವನ್ನು ತೋರುವ ಮಂದವಾದ ಸೋರಿಕೆಯ ಉಗಮವನ್ನು ಕಂಡುಹಿಡಿಯುವುದೇ ಆ ವಿದ್ಯೆ. ಹೊಸ ನೀರಿನಿಂದ ತುಂಬಿ ರಭಸದಿಂದ ಹರಿಯುವ ನದಿಯನ್ನು ಕಂಡು, ಮೇಲ್ಗಡೆಯಲ್ಲೆಲ್ಲೋ ಮಳೆಯಾಗಿದೆಯೆಂದು ನಿಶ್ಚಯಿಸುವುದನ್ನು ನಮ್ಮ ನೈಯಾಯಿಕರು ಶೇಷವತ್ ಅನುಮಾನವೆಂದು ಕರೆದರು. ಕಾರ್ಯದಿಂದ ಕಾರಣದ ಕಡೆಗೆ ಹಿಮ್ಮುಖವಾಗಿ ಸಾಗುವ ಆ ತರ್ಕಕ್ರಮವನ್ನೇ ಮೇಸ್ತ್ರಿಯು ಗ್ರೀಸು ಮೆತ್ತಿದ ಕೈಗಳೊಡನೆ ಪಿಟ್ಟಿನಲ್ಲಿ ನಿಂತು ಆಚರಿಸುತ್ತಾನೆ.

ಮೊದಲು ನಿರ್ಣಯವಾಗಬೇಕಾದುದು, ಬಿದ್ದ ದ್ರವ ಯಾವುದು ಎಂಬುದು. ಕಾರಿನ ಕೆಳಗೆ ಬಿಳಿಯ ರಟ್ಟನ್ನು ಹಾಸಿಟ್ಟು, ಚಕ್ರಗಳ ಸ್ಥಾನವನ್ನು ಅದರ ಮೇಲೆ ಗುರುತಿಸಿಕೊಂಡರೆ, ಬೆಳಗಾಗುವಾಗ ಬಣ್ಣವೂ ಸ್ಥಾನವೂ ಒಟ್ಟಿಗೇ ದೊರೆಯುತ್ತವೆ. ಕಂದು ಅಥವಾ ಕಪ್ಪು ಬಣ್ಣದ್ದು ಎಂಜಿನ್ ಆಯಿಲ್. ಮಂದವಾಗಿದ್ದು ಗಂಧಕದ ವಾಸನೆಯುಳ್ಳದ್ದು ಗೇರ್ ಆಯಿಲ್. ಕೆಂಪಗಿರುವುದು ಬಹುಮಟ್ಟಿಗೆ ಪವರ್ ಸ್ಟಿಯರಿಂಗಿನದು ಅಥವಾ ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು. ಬೇಸಗೆಯಲ್ಲಿ ಏ.ಸಿ. ಹಾಕಿ ಬಂದ ಕಾರಿನಿಂದ ತೊಟ್ಟಿಕ್ಕುವ ಶುದ್ಧವಾದ ನೀರಿಗೆ ಯಾರೂ ಕಳವಳಪಡಬೇಕಾದುದಿಲ್ಲ. ಹಸುರು, ಕಿತ್ತಳೆ ಅಥವಾ ಗುಲಾಬಿ ಬಣ್ಣದ, ಬೆರಳಿಗೆ ಜಾರುವ, ಸಿಹಿವಾಸನೆಯ ಕೂಲೆಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಇರುವುದರಿಂದಲೂ, ಅದರ ಸಿಹಿಗೆ ಮರುಳಾಗಿ ನೆಕ್ಕುವ ನಾಯಿಬೆಕ್ಕುಗಳಿಗೆ ಅದು ಪ್ರಾಣಾಂತಕವಾದ ವಿಷವಾಗಿರುವುದರಿಂದಲೂ, ಅದನ್ನು ಕಂಡೊಡನೆ ನೆಲವನ್ನು ತೊಳೆದುಬಿಡುವುದು ನಮ್ಮ ಕರ್ತವ್ಯ. ಇನ್ನು ಚಕ್ರದ ಒಳಮಗ್ಗುಲಲ್ಲಾಗಲಿ, ಪೆಡಲ್ಲಿನ ಬಳಿಯಲ್ಲಾಗಲಿ ತಿಳಿಹಳದಿಯಾದ, ಪೇಂಟನ್ನು ತಿನ್ನುವ ದ್ರವವು ಕಂಡುಬಂದರೆ ಅದು ಬ್ರೇಕಿನದು. ವೀಲ್ ಸಿಲಿಂಡರೋ ಮಾಸ್ಟರ್ ಸಿಲಿಂಡರೋ ಸವೆದಿರುವ ಆ ಕಾರನ್ನು ಗ್ಯಾರೇಜಿನವರೆಗೂ ಓಡಿಸಕೂಡದು; ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಬೇಕು.

ದ್ರವದ ಗುರುತು ಸಿಕ್ಕಿದ ಬಳಿಕವೇ ನಿಜವಾದ ಅನ್ವೇಷಣೆಯು ಆರಂಭವಾಗುವುದು. ಬಿಂದುವು ಬಿದ್ದೆಡೆಯೇ ಅದು ಹುಟ್ಟಿದೆಡೆಯಾಗಿರುವುದು ಅಪರೂಪ. ನಿಂತಾಗ ಗುರುತ್ವವು ಎಣ್ಣೆಯನ್ನು ಕೆಳಕ್ಕೆ ಎಳೆಯುತ್ತದೆ. ಓಡುವಾಗ ಎದುರುಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದಕಾರಣ ಒದ್ದೆಯಾದ ಭಾಗಗಳಲ್ಲೆಲ್ಲ ಅತ್ಯಂತ ಮೇಲಿರುವುದನ್ನೂ ಅತ್ಯಂತ ಮುಂದಿರುವುದನ್ನೂ ಅರಸಬೇಕೆಂಬುದು ಈ ವಿದ್ಯೆಯ ಮೂಲಸೂತ್ರ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಜಿನುಗಿದ ಎಣ್ಣೆಯು ಎಂಜಿನ್ನಿನ ಬೆನ್ನಮೇಲೆ ಇಳಿದು, ಬೆಲ್ ಹೌಸಿಂಗಿನ ತಳದಲ್ಲಿ ತೊಟ್ಟಾಗಿ ನೇತಾಡಿದಾಗ, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲೇ ಕೆಟ್ಟಿತೆಂದು ಭ್ರಮಿಸಿ ಗೇರ್‌ಬಾಕ್ಸನ್ನೇ ಇಳಿಸಿಬಿಡುವವರುಂಟು. ಪ್ಯಾಕಿಂಗಿನ ಬೆಲೆ ಅಲ್ಪ. ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿಯು ಅಲ್ಪವಲ್ಲ.

2014ರಲ್ಲಿ ಉತ್ಪಾದನೆ ನಿಂತ ಅಂಬಾಸಿಡರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಇಲ್ಲಿ ನೆನೆಯಬೇಕು. ಅದರ ಕ್ರ್ಯಾಂಕಿನ ಹಿಂತುದಿಯಲ್ಲಿ ಇಂದಿನ ಕಾರುಗಳಂತೆ ರಬ್ಬರಿನ ಸೀಲ್ ಇರಲಿಲ್ಲ. ಶಾಫ್ಟಿನ ಮೈಯಲ್ಲಿ ಕೊರೆದ ಸುರುಳಿಗೆರೆಯು ತಿರುಗುತ್ತ ತಿರುಗುತ್ತ ಎಣ್ಣೆಯನ್ನು ಒಳಕ್ಕೆ ಹಿಂದೂಡುತ್ತಿತ್ತು. ಭ್ರಮಣವು ನಿಂತೊಡನೆ ಆ ತಡೆಯೂ ನಿಲ್ಲುವುದರಿಂದ, ಎಂಜಿನ್ ಆರಿಸಿದ ಮೇಲೆ ಒಂದೆರಡು ಹನಿ ಬೀಳುವುದು ಆ ರಚನೆಗೇ ಸಹಜವಾಗಿತ್ತು. ಯಾವುದು ರೋಗ, ಯಾವುದು ಪ್ರಕೃತಿ ಎಂಬ ವಿವೇಚನೆಯಿಲ್ಲದವನು ಅಂಥ ಕಾರಿಗೆ ಮಾಡುವ ಚಿಕಿತ್ಸೆಗೆ ಕೊನೆಯೆಂಬುದೇ ಇಲ್ಲ.

ಹಳೆಯ ಎಣ್ಣೆ, ಧೂಳು, ಕೆಸರು ಸೇರಿ ಹೆಪ್ಪುಗಟ್ಟಿದ ಎಂಜಿನ್ನಿನಲ್ಲಿ ಏನೂ ಕಾಣಿಸದು. ಆದುದರಿಂದ ಬಲ್ಲ ಮೇಸ್ತ್ರಿಯು ಸ್ಪಾನರನ್ನು ಹಿಡಿಯುವುದಕ್ಕೆ ಮುನ್ನ ಎಂಜಿನ್ನನ್ನು ತೊಳೆದು, ಒಣಗಿಸಿ, ಸಂದೇಹವಿರುವ ಸಂದುಗಳ ಮೇಲೆ ಸೀಮೆಸುಣ್ಣದ ಪುಡಿಯನ್ನೋ ಟಾಲ್ಕಂ ಪೌಡರನ್ನೋ ತೆಳುವಾಗಿ ಉದುರಿಸಿ, ಕಾರನ್ನು ಒಂದು ಸುತ್ತು ಓಡಿಸಿ ತಂದು, ಆ ಬಿಳುಪಿನ ಮೇಲೆ ಮೊತ್ತಮೊದಲು ಮೂಡುವ ಕಪ್ಪುಗೆರೆಯನ್ನು ನಿರೀಕ್ಷಿಸುತ್ತಾನೆ. ಎಣ್ಣೆಗೆ ವಿಶೇಷವಾದ ಬಣ್ಣವನ್ನು ಬೆರೆಸಿ, ಕತ್ತಲಲ್ಲಿ ಅಲ್ಟ್ರಾವಯಲೆಟ್ ದೀಪ ಹಿಡಿದರೆ ಸೋರಿದ ಜಾಡು ಹಳದಿಹಸುರಾಗಿ ಬೆಳಗುವ ಉಪಾಯವೂ ಈಗ ಬಳಕೆಗೆ ಬಂದಿದೆ.

ಕೂಲೆಂಟಿನ ಸೋರಿಕೆಯು ಇನ್ನಷ್ಟು ವಂಚಕವಾದುದು. ಬಿಸಿಯಾದ ಎಂಜಿನ್ನಿನ ಮೇಲೆ ಜಿನುಗಿದ್ದು ನೆಲಕ್ಕೆ ಬೀಳುವುದಕ್ಕೆ ಮೊದಲೇ ಆವಿಯಾಗಿ ಹೋಗುತ್ತದೆ. ಕೆಲವು ಹೋಸ್‌ಗಳಂತೂ ಲೋಹವು ಕುಗ್ಗಿ ಹಿಡಿತ ಸಡಿಲವಾಗುವ ತಣ್ಣನೆಯ ಮುಂಜಾವಿನಲ್ಲಿ ಮಾತ್ರ ಸೋರುತ್ತವೆ. ಇದಕ್ಕಾಗಿಯೇ ತಣ್ಣಗಿರುವ ಎಂಜಿನ್ನಿನ ರೇಡಿಯೇಟರಿಗೆ ಕೈಪಂಪನ್ನು ತಗುಲಿಸಿ, ಮುಚ್ಚಳದ ಮೇಲೆ ನಮೂದಿಸಿರುವಷ್ಟು, ಎಂದರೆ ಅನೇಕ ಕಾರುಗಳಲ್ಲಿ ಚದರ ಅಂಗುಲಕ್ಕೆ 13ರಿಂದ 16 ಪೌಂಡಿನಷ್ಟು ಒತ್ತಡವನ್ನು ತುಂಬಿ, ಪಂಪಿನ ಮಾಪಕದ ಮುಳ್ಳು ಇಳಿಯುವುದೋ ಎಂದು ಕಾಯುವ ಪದ್ಧತಿಯುಂಟು. ಮುಳ್ಳು ಇಳಿದೂ ಹೊರಗೆಲ್ಲಿಯೂ ತೇವ ಕಾಣದಿದ್ದರೆ, ಹೀಟರಿರುವ ಕಾರುಗಳಲ್ಲಿ ಮುಂದಿನ ಆಸನದವರು ಕಾಲಿಡುವೆಡೆಯ ಕಾರ್ಪೆಟ್ಟನ್ನು ಮುಟ್ಟಿ ನೋಡಬೇಕು. ಅದೂ ಒಣಗಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಶಂಕೆ ಹೋಗುತ್ತದೆ.

ಸೋರುವ ಸ್ಥಳ ಸಿಕ್ಕಿದ ಮೇಲೂ ಉತ್ತಮ ಮೇಸ್ತ್ರಿಯ ಪ್ರಶ್ನೆ ಮುಗಿಯುವುದಿಲ್ಲ. ಎಂಜಿನ್ನಿನೊಳಗೆ ಸೇರುವ ಅನಿಲವನ್ನು ಹೊರಗೊಯ್ಯುವ ಪಿ.ಸಿ.ವಿ. ವಾಲ್ವು ಮಸಿಗಟ್ಟಿ ಮುಚ್ಚಿಕೊಂಡಿದ್ದರೆ, ಒಳಗಿನ ಒತ್ತಡವು ಹೆಚ್ಚಿ, ಹೊಸದಾಗಿ ಹಾಕಿದ ಸೀಲ್‌ಗಳಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಕಾರಣದ ಹಿಂದಣ ಕಾರಣವನ್ನು ಹೀಗೆ ಅರಸುವ ತಾಳ್ಮೆಯನ್ನೇ ನಾನು ಈ ವಿದ್ಯೆಯ ಶಿಖರವೆಂದು ಭಾವಿಸುತ್ತೇನೆ.

ಇಂಥ ಮೇಸ್ತ್ರಿಗಳು ವಿರಳರಾಗುತ್ತಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ. ಬದಲಾಯಿಸಿದ ಭಾಗಕ್ಕೆ ನಾವು ಬೆಲೆ ಕೊಡುತ್ತೇವೆ. ನೋಡುತ್ತ ಕಳೆದ ಹೊತ್ತಿಗೆ ಕೊಡುವುದಿಲ್ಲ. ಆದುದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ: ದೊಡ್ಡ ರಿಪೇರಿಗೆ ಒಪ್ಪುವ ಮುನ್ನ, ತೊಳೆದ ಎಂಜಿನ್ನಿನ ಮೇಲೆ ಹೊಸದಾಗಿ ಜಿನುಗಿದ ಜಾಗವನ್ನು ತೋರಿಸುವಂತೆ ಕೇಳಿರಿ, ತೋರಿಸಿದಾತನು ಕಟ್ಟಕಡೆಗೆ ಬದಲಾಯಿಸಿದ್ದು ಡ್ರೈನ್ ಪ್ಲಗ್ಗಿನ ಒಂದು ತಾಮ್ರದ ವಾಷರನ್ನೇ ಆದರೂ, ಅವನು ನೋಡಿದ ಹೊತ್ತಿಗೆಲ್ಲ ಪೂರ್ಣವಾದ ಕೂಲಿಯನ್ನು ಕೊಡಿರಿ.