ಕಾಡ್ಗಿಚ್ಚಿಗೆ ಎಲ್ಲೆ ಕಟ್ಟುವುದು ಹೇಗೆ?



ವೈದ್ಯವೃತ್ತಿಯವನಾದ ನಾನು ಕಾಡಿನ ಬೆಂಕಿಯ ವಿಷಯವಾಗಿ ಮಾತನಾಡಲು ನಿಂತಿರುವುದು ನಿಮಗೆ ಸ್ವಲ್ಪ ಅಧಿಕಪ್ರಸಂಗವೆಂದು ತೋರಬಹುದು. ಆದರೆ 2024ರ ನವೆಂಬರಿನಲ್ಲಿ ನನ್ನ ಆಸ್ತಮಾ ರೋಗಿಗಳಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳಿದರು: “ಡಾಕ್ಟರೇ, ಬೆಂಕಿಯ ಬಹುಭಾಗ ಹತೋಟಿಗೆ ಬಂದಿದೆಯೆಂದು ಟಿ.ವಿ.ಯಲ್ಲಿ ಹೇಳುತ್ತಿದ್ದಾರೆ. ಹಾಗಿದ್ದರೆ ಈ ಹೊಗೆ ಎಲ್ಲಿಂದ ಬರುತ್ತಿದೆ?” ಉತ್ತರ ನನಗೂ ತಿಳಿದಿರಲಿಲ್ಲ. ಅನಂತರ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಆ ವರ್ಷದ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯಲ್ಲಿ ಮಳೆಯೇ ಬೀಳಲಿಲ್ಲವೆನ್ನಬಹುದು. 1895ರಿಂದ ಲೆಕ್ಕವಿಟ್ಟಿರುವ ದಾಖಲೆಯಲ್ಲಿ ಅಷ್ಟು ಒಣಗಿದ ತಿಂಗಳು ಇನ್ನೊಂದಿಲ್ಲ. ನವೆಂಬರ್ 8ರಂದು ನಮ್ಮ ಹಿಲ್ಸ್‌ಬರೋದಿಂದ ಉತ್ತರಕ್ಕೆ ಒಂದು ಗಂಟೆಗೆ ತುಸು ಹೆಚ್ಚಿನ ಹಾದಿಯಲ್ಲಿರುವ ವೆಸ್ಟ್ ಮಿಲ್‌ಫರ್ಡಿನ ಬಳಿ ಬೆಂಕಿ ಕಾಣಿಸಿಕೊಂಡು, ರಾಜ್ಯದ ಗಡಿ ದಾಟಿ ನ್ಯೂಯಾರ್ಕಿನ ಸ್ಟರ್ಲಿಂಗ್ ಫಾರೆಸ್ಟನ್ನು ಹೊಕ್ಕಿತು. ಜೆನಿಂಗ್ಸ್ ಕ್ರೀಕ್ ಬೆಂಕಿಯೆಂದು ಹೆಸರಾದ ಅದು ಸುಮಾರು 5,000 ಎಕರೆಗೆ ಹಬ್ಬಿತು. ಅದು ಕಲ್ಲುಗುಡ್ಡಗಳ ಸೀಮೆ. ಅಗ್ನಿಶಾಮಕದ ವಾಹನಗಳು ಏರಿ ಹೋಗಬಹುದಾದ ರಸ್ತೆಗಳು ಅಲ್ಲಿ ಕಡಮೆ.

ಬೆಂಕಿ ಉರಿಯಲು ಉರುವಲು, ಶಾಖ, ಆಮ್ಲಜನಕ ಈ ಮೂರೂ ಬೇಕೆಂದು ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದೇವೆ. ಊರಿನ ಮನೆಗೆ ಬೆಂಕಿ ಬಿದ್ದರೆ ನೀರು ಹೊಯ್ದು ಶಾಖವನ್ನು ಇಳಿಸುತ್ತಾರೆ. ದೂರದ ಕಾಡಿನಲ್ಲಿ ಅಷ್ಟು ನೀರನ್ನು ಹೊತ್ತೊಯ್ಯಲಾಗದು, ಗಾಳಿಯನ್ನು ತಡೆಯಲಂತೂ ಆಗದು. ಉಳಿದದ್ದು ಉರುವಲೊಂದೇ. ಆದ್ದರಿಂದ ಬೆಂಕಿಯ ಮುಂದೆ ಗುದ್ದಲಿ, ಕುಂಟೆಗಳಿಂದ ತರಗು, ಬೇರು, ಕೊಳೆತ ಎಲೆಗಳ ಪದರವನ್ನೆಲ್ಲ ಕೆತ್ತಿ, ಬರಿಯ ಮಣ್ಣು ಕಾಣುವಂತೆ ಒಂದು ಪಟ್ಟಿಯನ್ನು ತೆಗೆಯುತ್ತಾರೆ. ನಮ್ಮೂರ ಅರಣ್ಯ ಇಲಾಖೆಯವರು ಇದನ್ನೇ ಬೆಂಕಿ ರೇಖೆ ಎನ್ನುತ್ತಾರೆ. ಹಳ್ಳ, ರಸ್ತೆ, ಬಂಡೆ ಸಿಕ್ಕಿದರೆ ರೇಖೆಯನ್ನು ಅದಕ್ಕೆ ಸೇರಿಸುತ್ತಾರೆ. ರೇಖೆಗೂ ಬೆಂಕಿಗೂ ನಡುವೆ ಉಳಿದ ಉರುವಲನ್ನು ಕೆಲವೊಮ್ಮೆ ತಾವೇ ಸುಟ್ಟುಬಿಡುತ್ತಾರೆ. ಹೆಲಿಕಾಪ್ಟರು ಸುರಿಯುವ ನೀರು ಜ್ವಾಲೆಯನ್ನು ತಗ್ಗಿಸಿ, ನೆಲದ ಮೇಲೆ ಕೆಲಸ ಮಾಡುವವರಿಗೆ ಕಾಲಾವಕಾಶ ಕೊಡುತ್ತದೆ, ಅಷ್ಟೆ.

ಶೇಕಡಾ 90 ಹತೋಟಿ ಎಂದರೆ ಬೆಂಕಿಯ ಸುತ್ತಳತೆಯಲ್ಲಿ ಅಷ್ಟು ಪಾಲಿಗೆ ನಂಬಬಹುದಾದ ರೇಖೆ ಬಿದ್ದಿದೆಯೆಂದು ಅರ್ಥವೇ ಹೊರತು, ಅಷ್ಟು ಪಾಲು ಆರಿದೆಯೆಂದಲ್ಲ. ಒಳಗೆ ವಾರಗಟ್ಟಲೆ ಹೊಗೆಯಾಡಬಹುದು. ಹೀಗೆಂದು ನನ್ನ ರೋಗಿಗಳಿಗೆ ವಿವರಿಸಿ, ಕಿಟಕಿ ಮುಚ್ಚಿಕೊಂಡು ಇನ್‌ಹೇಲರನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿರೆಂದೆ.

ಬರಗಾಲವು ಈ ಕೆಲಸವನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಒದ್ದೆಯಾಗಿರಬೇಕಾದ ಎಲೆಗೊಬ್ಬರವೂ ಒಣಗಿರುವುದರಿಂದ ಬೆಂಕಿ ನೆಲದೊಳಕ್ಕೆ ಇಳಿದು ಬೇರುಗಳನ್ನು ತಿನ್ನುತ್ತದೆ. ಹಸಿರಾಗಿಯೇ ಕಾಣುವ ಮರ ಹಠಾತ್ತನೆ ಉರುಳುತ್ತದೆ. ಇಂತಹ ಕಾಡಿನಲ್ಲಿ ಮರ ಬೀಳುವುದು ಜ್ವಾಲೆಯಷ್ಟೇ ಭಯಂಕರ. ನವೆಂಬರ್ 9ರಂದು ಸ್ಟರ್ಲಿಂಗ್ ಫಾರೆಸ್ಟಿನಲ್ಲಿ ಮರ ಬಿದ್ದು ಮಡಿದ ನ್ಯೂಯಾರ್ಕ್ ಉದ್ಯಾನ ಇಲಾಖೆಯ ನೌಕರನಿಗೆ 18 ವರ್ಷ. ಇಲ್ಲಿ ಕುಳಿತಿರುವ ನಮ್ಮ ಮಕ್ಕಳ ಓರಗೆಯವನು. ನವೆಂಬರ್ 16ರಂದು ಗಾಳಿಯೆದ್ದು ಬೆಂಕಿ ರೇಖೆಯನ್ನು ಹಾರಿತು. ಗ್ರೀನ್‌ವುಡ್ ಲೇಕ್ ಬಳಿಯ ಮನೆಗಳವರು ಸ್ವಇಚ್ಛೆಯಿಂದ ಹೊರಡಬಹುದೆಂದು ಸೂಚನೆ ಹೊರಟಿತು.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಊಟಿಯ ಬಸ್ಸಿನಲ್ಲಿ ಕುಳಿತು ಬಂಡೀಪುರದ ರಸ್ತೆಯ ಇಕ್ಕೆಲಗಳಲ್ಲಿ ಸುಟ್ಟು ಕರಿಯಾದ ಪಟ್ಟಿಗಳನ್ನು ನೋಡಿ, ಯಾರೋ ಕಿಡಿಗೇಡಿಗಳ ಕೆಲಸವೆಂದು ಬೈದುಕೊಂಡದ್ದುಂಟು. ಅದು ಬೇಸಿಗೆಗೆ ಮುನ್ನ ಇಲಾಖೆಯೇ ತೆಗೆಯುವ ಬೆಂಕಿ ರೇಖೆಯೆಂದು ಈಗ ಅರಿವಾಯಿತು. ಅದೇ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಒಣಗಿದ ಲಂಟಾನದ ಪೊದೆಗಳಿಗೆ ಹತ್ತಿದ ಬೆಂಕಿ ಹತ್ತು ಸಾವಿರಕ್ಕೂ ಹೆಚ್ಚು ಎಕರೆಯನ್ನು ಸುಟ್ಟಿತು. ಸಿಬ್ಬಂದಿಯೂ ಸ್ವಯಂಸೇವಕರೂ ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದರು. ಫೆಬ್ರವರಿ 25ರಂದು ವಾಯುಸೇನೆಯ ಹೆಲಿಕಾಪ್ಟರುಗಳು ಬಂದವು.

ಬಂಡೀಪುರಕ್ಕೆ ದೂರವಲ್ಲದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಹಿಂದೆ ಬೇಸಿಗೆಗೆ ಮೊದಲೇ ‘ತರಗು ಬೆಂಕಿ’ ಇಡುತ್ತಿದ್ದರು. ಅದು ತರಗನ್ನಷ್ಟೇ ಸುಟ್ಟು ಆರುತ್ತಿದ್ದ ಸಣ್ಣ ಬೆಂಕಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದು ಅದರಿಂದಲೇ ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ವಾದ ಇತ್ಯರ್ಥವಾಗಿಲ್ಲವಾದರೂ ಅವರ ಮಾತಿನಲ್ಲಿ ಹುರುಳಿದೆಯೆಂದೇ ನನ್ನ ಭಾವನೆ. ಏಕೆಂದರೆ ನ್ಯೂಜೆರ್ಸಿಯ ಅರಣ್ಯಾಗ್ನಿ ಸೇವೆಯವರು ಪೈನ್ ಬ್ಯಾರೆನ್ಸಿನಲ್ಲಿ ಪ್ರತಿ ಚಳಿಗಾಲದ ಕೊನೆಗೆ ಮಾಡುವುದೂ ಇದನ್ನೇ. ಇಲ್ಲಿ ಅದಕ್ಕೆ 2018ರ ಕಾನೂನಿನ ಬೆಂಬಲವೂ ಇದೆ.

ಜೆನಿಂಗ್ಸ್ ಕ್ರೀಕಿಗೆ ನವೆಂಬರ್ 21ರ ವೇಳೆಗೆ ಮಳೆ ಬಂದಿತು. ಆದರೆ ಮಳೆ ಬಂದಿತೆಂದು ಇಂತಹ ಕೆಲಸ ಮುಗಿಯುವುದಿಲ್ಲ. ರೇಖೆಯುದ್ದಕ್ಕೂ ನಡೆಯುತ್ತ, ಕೈಗವಸು ಕಳಚಿ, ಬೂದಿಯ ಮೇಲೆ ಬರಿಗೈಯನ್ನು ಹಿಡಿದು ಕಾವು ಉಳಿದಿದೆಯೇ ಎಂದು ನೋಡುವುದು ವಾಡಿಕೆ. ಬಿಸಿ ತಾಕಿದರೆ ಅಲ್ಲಿ ಮತ್ತೆ ಅಗೆಯುತ್ತಾರೆ.